ಫ್ಲೋರಿಯನ್ ವಕೀಲರ ಶನಿವಾರಗಳು

ಮೂವತ್ತನಾಲ್ಕು ವರ್ಷ ನಾನು ಬಫಲೋ ನಗರದ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದೆ. ಜಡ್ಜರ ಪೀಠದ ಕೆಳಗೆ, ಸಾಕ್ಷಿಕಟ್ಟೆಗೆ ಅಂಟಿಕೊಂಡಂತೆ ನನ್ನ ಜಾಗ. ಎದುರಿಗೆ ಮೂರು ಕಾಲಿನ ಪುಟ್ಟ ಯಂತ್ರ. ಯಾರು ಏನೇ ಮಾತಾಡಿದರೂ ನನ್ನ ಬೆರಳು ಅದನ್ನು ಒತ್ತಬೇಕು, ಕಿರಿದಾದ ಕಾಗದದ ಪಟ್ಟಿ ಮಡಿಕೆ ಮಡಿಕೆಯಾಗಿ ತಟ್ಟೆಗೆ ಬೀಳಬೇಕು. ಅಷ್ಟು ವರ್ಷ ವಕೀಲರ ಮಾತು ಬರೆದವಳಿಗೆ ವಕೀಲರ ಮೇಲೆ ಪ್ರೀತಿ ಉಳಿಯುವುದು ಕಷ್ಟ. ನನಗೆ ಉಳಿದದ್ದು ಒಬ್ಬನ ಮೇಲೆ ಮಾತ್ರ. ಅವನು ನನಗೆ ಕೊಟ್ಟ ಕಾಟವೂ ಕಡಿಮೆಯದಲ್ಲ.

ಫ್ಲೋರಿಯನ್ ಬರಾನ್‌ಗೆ ದನಿಯೇ ಇರಲಿಲ್ಲ. ಬೇರೆ ವಕೀಲರು ತೀರ್ಪು ಕೊಡಲು ಕೂತ ಆರು ಜನ ಊರವರ ಜ್ಯೂರಿಯ ಮುಂದೆ ಗುಡುಗಿದರೆ ಇವನು ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಎನ್ನುವಂತೆ ಮಾತಾಡುತ್ತಿದ್ದ. “ವಕೀಲರೇ, ಸ್ವಲ್ಪ ಜೋರಾಗಿ” ಎಂದು ನಾನು ಸಾವಿರ ಸಲವಾದರೂ ಹೇಳಿರಬೇಕು. ಅವನು ಕ್ಷಮೆ ಕೇಳಿ, ಅರ್ಧ ನಿಮಿಷ ಗಂಟಲು ಏರಿಸಿ, ಮತ್ತೆ ಪಿಸುಗುಟ್ಟತೊಡಗುತ್ತಿದ್ದ. ಜ್ಯೂರಿಯವರು ಕಿವಿಗೊಟ್ಟು ಮುಂದಕ್ಕೆ ಬಾಗುತ್ತಿದ್ದರು. ಅದೆಲ್ಲ ಅವನ ತಂತ್ರ ಎಂದು ಎದುರು ವಕೀಲರು ಗೊಣಗುತ್ತಿದ್ದರು. ತಂತ್ರವೂ ಇಲ್ಲ, ಮಣ್ಣೂ ಇಲ್ಲ. ನಾವಿಬ್ಬರೂ ಊರಿನ ಪೂರ್ವ ದಿಕ್ಕಿನ ಪೋಲಿಷ್ ಕೇರಿಯವರು, ಒಂದೇ ಬೀದಿ, ಒಂದೇ ಚರ್ಚು. ಎಂಟನೇ ವಯಸ್ಸಿನಲ್ಲಿ ಚೆಂಡು ಚರಂಡಿಗೆ ಬಿದ್ದರೂ ಅವನು ಅದನ್ನು ಗುಟ್ಟು ಹೇಳುವಂತೆಯೇ ಹೇಳುತ್ತಿದ್ದ.

ಅಪಘಾತದಲ್ಲಿ ಪೆಟ್ಟು ತಿಂದವರ ಪರವಾಗಿ ಪರಿಹಾರಕ್ಕೆ ವಾದಿಸುವುದು ಅವನ ಕಸುಬು. ಆ ಕಸುಬಿನವರಿಗೆ ನಮ್ಮಲ್ಲಿ ಆ್ಯಂಬುಲೆನ್ಸ್ ಹಿಂದೆ ಓಡುವವರು ಎಂಬ ಅಡ್ಡಹೆಸರಿದೆ. ಫ್ಲೋರಿಯನ್ ಆ್ಯಂಬುಲೆನ್ಸ್ ಹಿಂದೆ ಓಡುವುದಿರಲಿ, ಹಿಮ ಬಿದ್ದ ದಿನ ಅವನ ಹಳೇ ಕಾರು ಮನೆ ಮುಂದಿನಿಂದ ಹೊರಡಬೇಕಾದರೆ ಇಬ್ಬರು ಹಿಂದಿನಿಂದ ತಳ್ಳಬೇಕಿತ್ತು. ವಕೀಲನಾಗುವ ಮುಂಚೆ ಅವನು ಆರು ವರ್ಷ ಒಂದು ವಿಮಾ ಕಂಪನಿಯಲ್ಲಿದ್ದ. ಗಾಯಗೊಂಡವರ ಅಡುಗೆಮನೆಗೆ ಹೋಗಿ, ಪೋಲಿಷ್‌ನಲ್ಲಿ ನಾಲ್ಕು ಸಿಹಿಮಾತಾಡಿ, ಆದಷ್ಟು ಅಗ್ಗದ ಪರಿಹಾರಕ್ಕೆ ರುಜು ಹಾಕಿಸಿಕೊಂಡು ಬರುವುದು ಕೆಲಸ. ನಮ್ಮ ಹುಡುಗ ಅಲ್ಲವೇ ಎಂದು ಎಲ್ಲರೂ ಹಾಕುತ್ತಿದ್ದರು. ಒಮ್ಮೆ ಒಬ್ಬ ಮುದುಕಿ ರುಜು ಹಾಕಿದ ಮೇಲೆ ಅವನಿಗೆ ಸೂಪು ಬಡಿಸಿ, “ಉಪ್ಪು ಸರಿ ಇದ್ಯಾ ಮಗಾ?” ಎಂದು ಕೇಳಿದಳಂತೆ. ಆ ಸೂಪು ಗಂಟಲಲ್ಲಿ ಇಳಿಯಲಿಲ್ಲ ಎಂದು ಅವನೇ ನನಗೆ ಹೇಳಿದ್ದ. ಮರು ವರ್ಷವೇ ಕಾನೂನು ಕಾಲೇಜಿಗೆ ಸೇರಿದ.

ಅಡುಗೆಮನೆಗಳಿಗೆ ಹೋಗುವ ಚಾಳಿ ಮಾತ್ರ ಬಿಡಲಿಲ್ಲ. ಕೇಸು ತೀರ್ಮಾನವಾದ ಮೇಲೆ ಉಳಿದ ವಕೀಲರು ಕಡತ ಕಟ್ಟಿ ಮೇಲೆ ಎಸೆಯುತ್ತಾರೆ. ಇವನು ಶನಿವಾರ ಬಂತೆಂದರೆ ಹಳೆಯ ಕಕ್ಷಿದಾರರ ಮನೆಗಳ ಸುತ್ತು ಹೊರಡುತ್ತಿದ್ದ. “ಕೇಸು ಮುಗಿದಿದ್ದು ನನಗೆ, ಗೇನ್ಯಾ. ಅವರಿಗೆ ಎಲ್ಲಿ ಮುಗೀತು?” ಎಂದು ನನ್ನ ಹೆಸರು ಹಿಡಿದು ಹೇಳುತ್ತಿದ್ದ. ಬಗಲಲ್ಲಿ ಒಂದು ಸಲಕರಣೆ ಪೆಟ್ಟಿಗೆ. ಯಾರದೋ ನಲ್ಲಿ ಸೋರುತ್ತಿರುತ್ತದೆ, ಯಾರದೋ ಬಾಗಿಲು ಕಿರುಗುಟ್ಟುತ್ತಿರುತ್ತದೆ. ಅವನು ಮುಟ್ಟಿದ ನಲ್ಲಿ ಇನ್ನಷ್ಟು ಸೋರುತ್ತಿತ್ತು. ಗಿರಣಿಯಲ್ಲಿ ಒಂದು ಕೈ ಕಳೆದುಕೊಂಡ ಜಿಗ್ಮುಂಟ್ ಎಂಬಾತ, ವಕೀಲರು ಬೀದಿ ತಿರುಗುವವರೆಗೆ ಕಾದಿದ್ದು, ಉಳಿದ ಒಂದೇ ಕೈಯಲ್ಲಿ ಅದನ್ನು ಸರಿಮಾಡುತ್ತಿದ್ದ. ಇದು ಕೇರಿಗೆಲ್ಲ ಗೊತ್ತಿತ್ತು. ಯಾರೂ ಫ್ಲೋರಿಯನ್‌ಗೆ ಹೇಳಲಿಲ್ಲ.

ಇನ್ನೊಂದು ಪದ್ಧತಿಯೂ ಅವನಿಗಿತ್ತು. ಡಾಕ್ಟರು ಸಾಕ್ಷಿ ಹೇಳಲು ಕಟ್ಟೆ ಹತ್ತಿದರೆಂದರೆ ಅವನು ಎದ್ದು ಜಡ್ಜರ ಅಪ್ಪಣೆ ಪಡೆದು ತನ್ನ ಕಕ್ಷಿದಾರನನ್ನು ಹೊರಗೆ ಕಳಿಸಿಬಿಡುತ್ತಿದ್ದ. ಮೊದಮೊದಲು ಹಾಗಿರಲಿಲ್ಲ. ಒಮ್ಮೆ ಹಡಗುಕಟ್ಟೆಯ ಒಬ್ಬ ಬೆಸುಗೆಯವನು ಒಳಗೇ ಕೂತು, ತನ್ನ ಬಲಗೈ ಇನ್ನು ಯಾವತ್ತೂ ಬಿಚ್ಚುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡ. ಎರಡು ವರ್ಷದಿಂದ ದಿನಕ್ಕೆ ಮುನ್ನೂರು ಸಲ ರಬ್ಬರ್ ಚೆಂಡು ಹಿಸುಕುತ್ತಿದ್ದ ಮನುಷ್ಯ ಮರುದಿನದಿಂದ ಅದನ್ನು ಮುಟ್ಟಲಿಲ್ಲ. ಕೇಸು ಗೆದ್ದರು. ಕೈ ಒಣಗಿತು.

“ನಾನು ಗೆಲ್ಬೇಕಾದ್ರೆ, ಇವರು ಇನ್ನು ಸರಿಹೋಗಲ್ಲ ಅಂತ ಆರು ಜನರನ್ನ ನಂಬಿಸ್ಬೇಕು,” ಎಂದು ಫ್ಲೋರಿಯನ್ ನನಗೆ ಹೇಳಿದ್ದ. “ಇವರು ಬದುಕ್ಬೇಕಾದ್ರೆ, ಸರಿಹೋಗ್ತೀನಿ ಅಂತ ಇವರೇ ನಂಬಬೇಕು. ಎರಡನ್ನೂ ಒಂದೇ ಕೋಣೇಲಿ ಹೆಂಗೆ ಇಡಲಿ, ನೀನೇ ಹೇಳು.”

ಒಳ್ಳೆಯ ಪದ್ಧತಿ ಎಂದೇ ನನಗೂ ಅನಿಸಿತ್ತು.

ಆಮೇಲೆ ದನುತಾಳ ಕೇಸು ಬಂತು. ದನುತಾ ಪಿರೆಕ್ ನಮ್ಮ ಚರ್ಚಿನ ಹುಡುಗಿ, ಮಾರ್ಕೆಟ್ಟಿನ ಬೇಕರಿಯಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತಾರು ವರ್ಷ, ಮೂರು ವರ್ಷದ ಒಂದು ಮಗಳು, ಎವಾ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ರಸ್ತೆ ದಾಟುವಾಗ ಪೀಠೋಪಕರಣದ ಅಂಗಡಿಯೊಂದರ ಲಾರಿ ಅವಳಿಗೆ ಬಡಿಯಿತು. ತಿಂಗಳುಗಟ್ಟಲೆ ಆಸ್ಪತ್ರೆ. ಮೂಳೆಗಳು ಕೂಡಿಕೊಂಡವು, ಮುಖದಲ್ಲಿ ಒಂದು ಗಾಯದ ಗುರುತೂ ಉಳಿಯಲಿಲ್ಲ. ಹೋದದ್ದು ನೆನಪು. ಹಳೆಯದೆಲ್ಲ ಹಾಗೇ ಇತ್ತು, ಚಿಕ್ಕವಳಿದ್ದಾಗ ಚರ್ಚಿನಲ್ಲಿ ಅವಳು ಮೊದಲ ಸಲ ಪ್ರಸಾದ ಪಡೆದ ಕಮ್ಯೂನಿಯನ್ನಿನ ದಿನ ನಾನು ಯಾವ ಬಣ್ಣದ ಟೋಪಿ ಹಾಕಿದ್ದೆ ಎಂಬುದೂ. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಇಲ್ಲ, ಇಂದಿನದು ನಾಳೆಗೆ ಇಲ್ಲ. ಕುತ್ತಿಗೆಗೆ ದಾರ ಕಟ್ಟಿ ಒಂದು ಪುಟ್ಟ ಪುಸ್ತಕ ತೂಗುಹಾಕಿಕೊಂಡು ಎಲ್ಲವನ್ನೂ ಅದರಲ್ಲಿ ಬರೆದುಕೊಳ್ಳುತ್ತಿದ್ದಳು.

ಗಂಡ ಅಷ್ಟು ಹೊತ್ತಿಗೆ ಕಾಲ್ತೆಗೆದಿದ್ದ. ದನುತಾ ಮಗಳೊಂದಿಗೆ ತಾಯಿ ಸ್ತೆಫಾನಿಯಾಳ ಮನೆಗೆ ಬಂದಿದ್ದಳು. ಆ ನವೆಂಬರಿನಲ್ಲಿ, ತಾಯಿ ಬಟ್ಟೆ ಒಗೆಯುತ್ತಿದ್ದಾಗ, ಆಗತಾನೇ ನಾಲ್ಕು ತುಂಬಿದ್ದ ಎವಾಳ ಕೈಹಿಡಿದು ಮಾರ್ಕೆಟ್ಟಿಗೆ ಹೊರಟಳು. ಒಂದು ಗಂಟೆ ಬಿಟ್ಟು ಮೊಟ್ಟೆ ಹಿಡಿದು ಒಬ್ಬಳೇ ವಾಪಸು ಬಂದಳು. “ಮಗು ಎಲ್ಲೇ?” ಎಂದು ತಾಯಿ ಕೇಳಿದರೆ, “ನಿಮ್ಮ ಹತ್ರ ಇರ್ಲಿಲ್ವಾ?” ಎಂದಳು. ಮೂರು ತಾಸಿನ ಮೇಲೆ ಮಗು ಚರ್ಚಿನ ಮೆಟ್ಟಿಲ ಮೇಲೆ ಕೂತದ್ದು ಸಿಕ್ಕಿತು. ಮರುದಿನ ದನುತಾಗೆ ಆ ದಿನವೇ ನೆನಪಿರಲಿಲ್ಲ. ಗಂಡನ ಅಕ್ಕ ಬಂದು ಎವಾಳನ್ನು ಪಕ್ಕದ ಊರಿಗೆ ಕರೆದುಕೊಂಡು ಹೋದಳು.

“ಎವಾ ಮನೆಗೆ ಯಾವಾಗ ಬರ್ತಾಳೆ?” ಎಂದು ದನುತಾ ದಿನಾ ಕೇಳುತ್ತಿದ್ದಳು. “ಈಸ್ಟರ್‌ಗೆ,” ಎಂದಳು ಸ್ತೆಫಾನಿಯಾ. ನಮ್ಮ ಕೇರಿಯಲ್ಲಿ ಒಳ್ಳೆಯದೆಲ್ಲ ಈಸ್ಟರ್‌ಗೇ ಆಗಬೇಕು. ಮನೆಗೆ ಸುಣ್ಣ ಬಳಿಯುವುದು, ಮುನಿಸು ಬಿಡುವುದು, ನಿಶ್ಚಿತಾರ್ಥ, ಎಲ್ಲ. ಅಕ್ಕಪಕ್ಕದವರೂ ಈಸ್ಟರ್ ಎಂದರು, ಪಾದ್ರಿಯೂ ಈಸ್ಟರ್ ಎಂದರು, ಶನಿವಾರ ನಲ್ಲಿ ಕೆಡಿಸಲು ಬರುತ್ತಿದ್ದ ಫ್ಲೋರಿಯನ್ನೂ ಈಸ್ಟರ್ ಎಂದ. ನಾನೂ ಒಂದೆರಡು ಸಲ ಹೇಳಿದ್ದೇನೆ, ಸುಳ್ಳೇಕೆ. ಎರಡು ಈಸ್ಟರ್ ಬಂದುಹೋದವು. ದನುತಾ ಲೆಕ್ಕ ಇಡಲಾರಳು ಎಂಬ ಧೈರ್ಯದ ಮೇಲೆ ಇಡೀ ಕೇರಿ ಆ ಸುಳ್ಳನ್ನು ಸಾಕಿತು. ಮಗುವನ್ನು ಕರೆತಂದು ತೋರಿಸುವುದನ್ನೂ ನಿಲ್ಲಿಸಿದರು. ಬಂದ ಮಗು ಸಂಜೆ ಯಾಕೆ ವಾಪಸು ಹೋಗುತ್ತದೆ ಎಂದು ಅವಳು ಕೇಳಿದರೆ ಏನು ಹೇಳುವುದು?

ವಿಚಾರಣೆ ಅಕ್ಟೋಬರಿನಲ್ಲಿ ಬಂತು. ತಪ್ಪು ಲಾರಿಯವನದೇ ಎಂದು ಅಂಗಡಿಯವರು ಒಪ್ಪಿಯಾಗಿತ್ತು. ಪ್ರಶ್ನೆ ಒಂದೇ, ದನುತಾ ಕಳೆದುಕೊಂಡದ್ದು ಎಷ್ಟು? ಎದುರು ವಕೀಲ ವಿಟ್ಕಂಬ್ ಸಭ್ಯ ಮನುಷ್ಯ, ಅದಕ್ಕೇ ಅಪಾಯದವನು. ನೀಲಿ ಅಂಗಿ ಹಾಕಿಕೊಂಡು ನಗುನಗುತ್ತ ಕಟ್ಟೆ ಹತ್ತಿದ ದನುತಾಳನ್ನು ಅವನು ಮಗಳ ಹುಟ್ಟಿದ ದಿನ, ಬೇಕರಿಯ ಯಜಮಾನನ ಹೆಸರು, ಹಿಟ್ಟಿಗೆ ಎಷ್ಟು ಬೆಣ್ಣೆ ಎಂದೆಲ್ಲ ಕೇಳಿದ. ಅವಳು ಪಟಪಟನೆ ಹೇಳಿದಳು. ಫ್ಲೋರಿಯನ್ ಎದ್ದು, “ಇವತ್ತು ಬೆಳಿಗ್ಗೆ ಏನು ತಿಂದೆ ದನುತಾ? ಪುಸ್ತಕ ನೋಡದೆ ಹೇಳು,” ಎಂದ.

“ಅಮ್ಮ ಮಾಡಿದ್ದು ಅಂದ್ರೆ ಚೆನ್ನಾಗೇ ಇತ್ತು ಬಿಡಿ, ಮಾಮ,” ಎಂದಳು ಅವಳು.

ಜ್ಯೂರಿಯವರು ನಕ್ಕುಬಿಟ್ಟರು. ಫ್ಲೋರಿಯನ್ ಮುಖ ಸಪ್ಪಗಾಯಿತು. ಇಷ್ಟು ಚೂಟಿಯಾದ ಹುಡುಗಿಗೆ ಏನಾಗಿದೆ ಎಂದು ಆ ಆರು ಮುಖಗಳಲ್ಲಿ ಬರೆದಂತಿತ್ತು.

ಮಧ್ಯಾಹ್ನ ನರರೋಗದ ಡಾಕ್ಟರು ಬಂದರು. ಪದ್ಧತಿಯಂತೆ ದನುತಾ ತಾಯಿಯ ಜೊತೆ ಹೊರಗೆ ಹೋದಳು. ಅವರಿಬ್ಬರೂ ಮೊಗಸಾಲೆಯ ಬೆಂಚಿನಲ್ಲಿ ಕಾಗದದ ಚೀಲ ಬಿಚ್ಚಿಕೊಂಡು ತಣ್ಣಗಿನ ಆಲೂಗಡ್ಡೆ ಕಡುಬು ತಿನ್ನುತ್ತಿದ್ದಾಗ ಒಳಗೆ ಫ್ಲೋರಿಯನ್ ಒಂದೊಂದಾಗಿ ಪ್ರಶ್ನೆ ಕೇಳಿದ, ಡಾಕ್ಟರು ಒಂದೊಂದಾಗಿ ಉತ್ತರ ಹೇಳಿದರು, ನಾನು ಬರೆದೆ. ವಾದಗಳೆಲ್ಲ ಮುಗಿದು ಮರುದಿನ ಬೆಳಿಗ್ಗೆ ಜ್ಯೂರಿ ಒಳಕೋಣೆಗೆ ಹೋಯಿತು. ಹನ್ನೊಂದು ಗಂಟೆಗೆ ಅವರಿಂದ ಒಂದು ಚೀಟಿ ಬಂತು. ಜಡ್ಜ್ ಕೆಲಿಹರ್ ಎಲ್ಲರನ್ನೂ ಕರೆಸಿ ಅದನ್ನು ಓದಿದರು.

“ಮಗುವಿನ ವಿಚಾರದಲ್ಲಿ ಡಾಕ್ಟರು ಹೇಳಿದ್ದನ್ನು ದಯವಿಟ್ಟು ಇನ್ನೊಮ್ಮೆ ಓದಿಸಿ.”

ಸಾಕ್ಷ್ಯವನ್ನು ಮತ್ತೆ ಓದುವುದು ತುಂಬಿದ ಕೋರ್ಟಿನಲ್ಲಿ, ಎರಡೂ ಕಡೆಯವರ ಎದುರಿಗೆ. ಓದಬೇಕಾದವಳು ನಾನು. ದನುತಾ ಅಲ್ಲೇ, ಫ್ಲೋರಿಯನ್ ಪಕ್ಕದಲ್ಲೇ ಕೂತಿದ್ದಾಳೆ.

ಫ್ಲೋರಿಯನ್ ಗಡಬಡಿಸಿ ಎದ್ದ. “ಯುವರ್ ಆನರ್, ನನ್ನ ಕಕ್ಷಿದಾರಳು ಸ್ವಲ್ಪ ಹೊತ್ತು ಹೊರಗೆ…”

“ಯಾವ ಮಗು?” ಎಂದಳು ದನುತಾ. “ನನ್ನ ಮಗು ವಿಷ್ಯನಾ?”

“ಆಮೇಲೆ ಹೇಳ್ತೀನಿ ಪುಟ್ಟಿ. ಅಮ್ಮನ ಜೊತೆ ಹೋಗು.”

“ಈ ಆರು ಜನ ಯಾರು ಮಾಮ? ಎವಾನ ಇವರು ಒಂದಿನಾದ್ರೂ ಎತ್ಕೊಂಡಿದಾರಾ? ಇವರಿಗೆ ಗೊತ್ತಿರೋದು ನಂಗೆ ಗೊತ್ತಿರ್ಬಾರ್ದಾ? ನಾನು ಹೋಗಲ್ಲ.”

ಹಿಂದಿನ ಸಾಲಿನಿಂದ ಸ್ತೆಫಾನಿಯಾ, “ಏಳೇ, ಹಟ ಮಾಡ್ಬೇಡ್ವೇ,” ಎಂದು ಅಂಗಲಾಚಿದಳು. ಜಡ್ಜರು ಕನ್ನಡಕ ತೆಗೆದರು. “ಬರಾನ್ ಅವರೇ, ಇದು ಆಕೆಯ ಕೇಸು. ಕೂರುತ್ತೇನೆ ಎಂದರೆ ನಾನು ಎಬ್ಬಿಸಲಾರೆ,” ಎಂದು ಹೇಳಿ ಜ್ಯೂರಿಯನ್ನು ಕರೆಸಿದರು.

ಪಟ್ಟಿಯ ಕಟ್ಟುಗಳಿಂದ ಆ ಜಾಗ ಹುಡುಕುವುದಕ್ಕೆ ನನಗೆ ಮಾಮೂಲಾಗಿ ಎರಡು ನಿಮಿಷ ಸಾಕು. ಅವತ್ತು ಏಳು ನಿಮಿಷ ಹಿಡಿಯಿತು. ಓದುವಾಗ ದನಿಯಲ್ಲಿ ಏರಿಳಿತ ಇರಬಾರದು, ಅದು ನಮ್ಮ ಕಟ್ಟಳೆ. ನಾನು ಹಿಟ್ಟಿನ ಅಂಗಡಿಯ ಬೆಲೆಪಟ್ಟಿ ಓದುವಂತೆ ಓದಿದೆ.

“ಪ್ರಶ್ನೆ: ಮಗು ಈಗ ತಾಯಿಯ ಜೊತೆ ಏಕೆ ಇಲ್ಲ? ಉತ್ತರ: ನವೆಂಬರಿನಲ್ಲಿ ಆಕೆ ಮಗುವನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ, ಅಲ್ಲೇ ಬಿಟ್ಟು ಬಂದರು. ಕರೆದುಕೊಂಡು ಹೋಗಿದ್ದೇ ಅವರಿಗೆ ನೆನಪಿರಲಿಲ್ಲ. ಪ್ರಶ್ನೆ: ಹಾಗೆ ಮತ್ತೆ ಆಗಬಹುದೇ? ಉತ್ತರ: ಯಾವ ದಿನ ಬೇಕಾದರೂ ಆಗಬಹುದು.”

ದನುತಾ ಕುತ್ತಿಗೆಯ ಪುಸ್ತಕ ಬಿಚ್ಚಿ ಬರೆದುಕೊಳ್ಳತೊಡಗಿದ್ದಳು. ಪಕ್ಕದಲ್ಲಿ ಫ್ಲೋರಿಯನ್ ತನ್ನ ಬೂಟನ್ನೇ ನೋಡುತ್ತಿದ್ದ. ಅವಳ ಕೈ ನಿಧಾನ. ಅವಳು ಒಂದು ಸಾಲು ಮುಗಿಸುವವರೆಗೆ ನಾನು ನಿಲ್ಲತೊಡಗಿದೆ. ನಿಲ್ಲಬಾರದು, ಆದರೂ ನಿಂತೆ. ಜಡ್ಜರು ಅವಸರ ಮಾಡಲಿಲ್ಲ. ವಿಟ್ಕಂಬ್ ಕೂಡ ಆಕ್ಷೇಪಿಸಲಿಲ್ಲ.

“ಪ್ರಶ್ನೆ: ಮುಂದೆ ಗುಣವಾದೀತೇ? ಉತ್ತರ: ಎರಡೂವರೆ ವರ್ಷವಾಗಿದೆ. ಮರಳಿ ಬರುವುದೆಲ್ಲ ಬಂದಾಗಿದೆ. ಪ್ರಶ್ನೆ: ಹಾಗಾದರೆ ಈ ತಾಯಿ ತನ್ನ ಮಗಳನ್ನು ತಾನೇ ಸಾಕುವುದು ಆದೀತೇ? ಉತ್ತರ: ಇಲ್ಲ. ಪ್ರಶ್ನೆ: ಕೆಲವು ವರ್ಷಗಳ ನಂತರ? ಉತ್ತರ: ಯಾವತ್ತೂ ಇಲ್ಲ.”

ಆ ಪ್ರಶ್ನೆಗಳೆಲ್ಲ ಫ್ಲೋರಿಯನ್‌ನವು. ಒಂದೊಂದು ಪ್ರಶ್ನೆಗೂ ಅವನ ತಲೆ ಇನ್ನಷ್ಟು ತಗ್ಗುತ್ತಿತ್ತು.

ಜ್ಯೂರಿ ಎದ್ದು ಒಳಗೆ ಹೋಯಿತು. ಬಾಗಿಲು ಮುಚ್ಚಿದ ಮೇಲೂ ಜಡ್ಜರು ಏಳಲಿಲ್ಲ. ನಮ್ಮಲ್ಲಿ ಜಡ್ಜರು ಸಾಕು ಎನ್ನುವವರೆಗೆ ಬರವಣಿಗೆ ನಿಲ್ಲುವಂತಿಲ್ಲ. ಆದ್ದರಿಂದ ಮುಂದಿನದೂ ನನ್ನ ಪಟ್ಟಿಯಲ್ಲಿದೆ.

“ಈಸ್ಟರ್‌ಗೆ ಬರ್ತಾಳೆ ಅಂದ್ರಿ,” ಎಂದಳು ದನುತಾ. ದನಿ ಏರಿಸಲಿಲ್ಲ. “ಇಲ್ಲಿ ಬರ್ದಿದೆ ನೋಡಿ. ‘ಫ್ಲೋರಿಯನ್ ಮಾಮ ಹೇಳಿದ್ರು, ಈಸ್ಟರ್.’ ಆಚೆ ಪುಟದಲ್ಲೂ ಇದೆ. ಎಷ್ಟು ಈಸ್ಟರ್ ಆಯ್ತು?”

“ಎರಡು,” ಎಂದ ಫ್ಲೋರಿಯನ್.

“ಇವತ್ತಿಂದನ್ನೂ ಬರ್ಕೊಂಡಿದೀನಿ. ಆದ್ರೆ ಈ ಪುಸ್ತಕದಲ್ಲಿ ಹಾಳೆ ಹರಿದಿರೋ ಗುರುತು ಎಷ್ಟಿದೆ ನೋಡಿ. ನಾನು ಹರಿಯಲ್ಲ, ನಂಗೆ ಒಂದೊಂದು ಹಾಳೇನೂ ಬೇಕು. ಯಾರು ಹರೀತಾರೆ ಅಂತ ನೆನಪಿರಲ್ಲ ನಂಗೆ.”

ಸ್ತೆಫಾನಿಯಾ ಬಿಕ್ಕಿದಳು. “ನಾನೇ ಕಣೇ. ನಿನ್ನ ಅಳು ನೋಡಕ್ಕಾಗ್ದೆ.”

“ಒಂದು ನಾನು ಹರಿದೆ,” ಎಂದ ಫ್ಲೋರಿಯನ್.

ಜಡ್ಜರು ಅವನತ್ತ ನೋಡಿದರು, ವಿಟ್ಕಂಬ್ ಮುಖ ತಿರುಗಿಸಿದ. ಫ್ಲೋರಿಯನ್ ನಿಂತೇ ಇದ್ದ. “ಹೋದ ಮೇ ತಿಂಗಳು. ಯಾರೋ ಬಾಯ್ತಪ್ಪಿ ಮಾರ್ಕೆಟ್ಟಿನ ವಿಷ್ಯ ಹೇಳಿದ್ರು, ನೀನು ಬರ್ಕೊಂಡಿದ್ದೆ. ಎರಡು ದಿನ ಊಟ ಬಿಟ್ಟಿದ್ದೆ. ನೀನು ಮಲಗಿದ್ದಾಗ ಹರಿದು ಜೇಬಿಗೆ ಹಾಕ್ಕೊಂಡೆ. ನಿನಗೆ ಒಳ್ಳೇದು ಮಾಡ್ತಿದೀನಿ ಅಂದ್ಕೊಂಡಿದ್ದೆ. ತಪ್ಪಾಯ್ತು.”

ದನುತಾ ಅವನತ್ತ ತಿರುಗಿದಳು. ಕಣ್ಣಲ್ಲಿ ನೀರು ಧಾರಾಕಾರವಾಗಿ ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಇವರಿಗೆಲ್ಲ ನಿಜ ಹೇಳಿದ್ರಿ. ನಂಗೊಬ್ಬಳಿಗೆ ಸುಳ್ಳು. ನಾಳೆ ನಂಗೆ ಇದು ನೆನಪಿರಲ್ಲ ಮಾಮ. ಮತ್ತೆ ‘ಎವಾ ಯಾವಾಗ ಬರ್ತಾಳೆ’ ಅಂತ ಕೇಳ್ತೀನಿ. ಆಗ ನೀವು ನಿಜ ಹೇಳ್ಬೇಕು. ಎಷ್ಟು ಸಲ ಕೇಳಿದ್ರೂ ಹೇಳ್ಬೇಕು. ನಾನು ಅತ್ರೂ ಹೇಳ್ಬೇಕು. ಹೇಳ್ತೀರಾ?”

ಫ್ಲೋರಿಯನ್ ತಲೆಯಾಡಿಸಿದ.

ಅಲ್ಲಿ ನಾನು ಬಾಯಿ ಹಾಕಬೇಕಾಗಿರಲಿಲ್ಲ. ತೀರ್ಪಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಆದರೆ ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ನನ್ನ ಮೇಲೂ. “ತಲೆಯಾಡಿಸಿದ್ದು ದಾಖಲೆಗೆ ಬರಲ್ಲ, ವಕೀಲರೇ,” ಎಂದೆ. “ಬಾಯಿಬಿಟ್ಟು ಹೇಳಿ.”

“ಹೇಳ್ತೀನಿ,” ಎಂದ ಫ್ಲೋರಿಯನ್. ಹಿಂದಿನ ಸಾಲಿನವರಿಗೂ ಕೇಳಿಸಿತು.

ಆ ಸಂಜೆಯೇ ತೀರ್ಪು ಬಂತು. ದನುತಾಳ ಜೀವನಕ್ಕೂ ಅವಳನ್ನು ನೋಡಿಕೊಳ್ಳುವವರಿಗೂ ಸಾಲುವಷ್ಟು ಕೊಟ್ಟರು. ಫ್ಲೋರಿಯನ್ ಬದುಕಿನಲ್ಲೇ ದೊಡ್ಡ ಗೆಲುವು ಎಂದು ಎಲ್ಲರೂ ಕೈಕುಲುಕಿದರು. ಅವನು ಮಾತ್ರ ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು, ಯಾರಿಗೂ ಸಿಗದೆ ಮೆಟ್ಟಿಲಿಳಿದು ಹೋದ.

ಮುಂದಿನ ಶನಿವಾರ ಅವನು ಪಿರೆಕ್‌ರ ಮನೆಗೆ ಹೋದಾಗ ಸ್ತೆಫಾನಿಯಾ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳಂತೆ. “ಎಲ್ಲಾ ಮರೆತು, ಪುಸ್ತಕದಲ್ಲಿ ಬರ್ಕೊಂಡಿದ್ದನ್ನೂ ಮರೆತು ಹಾಯಾಗಿದಾಳೆ ಕಣೋ. ಒಳಗೆ ಬಂದು ಬಾಯ್ಬಿಟ್ಟೆ ಅಂದ್ರೆ ನೋಡು ಮತ್ತೆ.” ಫ್ಲೋರಿಯನ್ ಒಬ್ಬನೇ ಬಂದಿರಲಿಲ್ಲ. ಪಕ್ಕದೂರಿಗೆ ಹೋಗಿ, ಎವಾಳ ಸೋದರತ್ತೆಯನ್ನು ಹೇಗೋ ಒಪ್ಪಿಸಿ, ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಮೊಮ್ಮಗಳನ್ನು ಕಂಡು ಮುದುಕಿ ಸೌಟು ಇಳಿಸಿದಳು. ದನುತಾ ಮಗಳನ್ನು ಅಪ್ಪಿ ಮುದ್ದಾಡಿ, ಊಟಕ್ಕೆ ಕೂತಾಗ ಕೇಳಿಯೇ ಕೇಳಿದಳು: “ಇನ್ನು ಇಲ್ಲೇ ಇರ್ತಾಳೆ ತಾನೇ?” ಫ್ಲೋರಿಯನ್ ಮಗುವನ್ನು ಹಿತ್ತಲಿಗೆ ಆಡಲು ಕಳಿಸಿ, ಚಮಚ ಕೆಳಗಿಟ್ಟು, ಮಾರ್ಕೆಟ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವಳು ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಹಿತ್ತಲಿಗೆ ಹೋಗಿ ಸಂಜೆಯವರೆಗೆ ಮಗಳೊಂದಿಗೆ ಆಡಿದಳು. ಸಂಜೆ ಕಾರು ಹೊರಟಾಗ, ಯಾಕೆ ಹೊರಟಿತು ಎಂದು ಅವತ್ತಿನ ಮಟ್ಟಿಗೆ ಅವಳಿಗೆ ಇನ್ನೂ ನೆನಪಿತ್ತು. ಕೈಬೀಸಿ ಕಳಿಸಿದಳು.

ಸುಳ್ಳಿಗೆ ಮಗುವನ್ನು ದೂರ ಇಡಬೇಕಾಗಿತ್ತು. ನಿಜ ಹೇಳಿದ ಮೇಲೆ ಮಗು ಬರಬಹುದಾಯಿತು. ಇಷ್ಟು ಸಣ್ಣ ವಿಷಯ ನಮ್ಮ ಇಡೀ ಕೇರಿಗೆ ಎರಡು ವರ್ಷ ಹೊಳೆದಿರಲಿಲ್ಲ.

ಅಲ್ಲಿಂದ ಹನ್ನೊಂದು ವರ್ಷ ಅವನು ಶನಿವಾರ ತಪ್ಪಿಸಲಿಲ್ಲ. ನಾನು ಒಮ್ಮೆ ಜಗಳಕ್ಕೇ ಹೋಗಿದ್ದೆ. “ವಾರ ವಾರ ಹೋಗಿ ಆ ಹುಡುಗೀನ ಅಳಿಸಿ ಬರ್ತೀಯಲ್ಲ, ನಿನಗೆ ಅನ್ನ ಸೇರುತ್ತಾ?”

“ಕೇಳಿದ್ರೆ ಮಾತ್ರ ಹೇಳ್ತೀನಿ ಗೇನ್ಯಾ. ಕೇಳದ ವಾರಾನೂ ಇರುತ್ತೆ. ಆ ವಾರ ನಲ್ಲಿ ರಿಪೇರಿ ಮಾಡ್ತೀನಿ.”

“ಹಂಗಾದ್ರೆ ಆ ಮನೇಲಿ ನೀರು ನಿಲ್ಲೋದೇ ಇಲ್ಲ ಬಿಡು,” ಎಂದೆ. ಅವನು ನಕ್ಕ. ಆಮೇಲೆ, “ಪ್ರತಿ ಸಲಾನೂ ಮೊದಲ್ನೇ ಸಲ ಕೇಳಿದಂಗೇ ಕೇಳ್ತಾಳೆ. ನನಗೆ ಅಭ್ಯಾಸ ಆಗುತ್ತೆ ಅಂದ್ಕೊಂಡಿದ್ದೆ. ಆಗ್ಲಿಲ್ಲ,” ಎಂದ. ಡಾಕ್ಟರು ಕಟ್ಟೆ ಹತ್ತಿದಾಗ ಕಕ್ಷಿದಾರರನ್ನು ತಾನಾಗಿ ಹೊರಗೆ ಕಳಿಸುವುದನ್ನು ಅವನು ಬಿಟ್ಟಿದ್ದ. ಮೊದಲೇ ಅವರ ಮನೆಗೆ ಹೋಗಿ, ಡಾಕ್ಟರು ಏನು ಹೇಳಲಿದ್ದಾರೆ ಎಂಬುದನ್ನು ತಾನೇ ಹೇಳಿ, ಕೂರುತ್ತೀರಾ, ಹೋಗುತ್ತೀರಾ ಎಂದು ಕೇಳುತ್ತಿದ್ದ. ಕೆಲವರು ಕೂರುತ್ತಿದ್ದರು.

ಕಡೆಯ ಚಳಿಗಾಲದಲ್ಲಿ ನ್ಯುಮೋನಿಯಾ ಹಿಡಿದು ಆಸ್ಪತ್ರೆ ಸೇರಿದ. ನಾನು ಹೋದಾಗ ದಿಂಬಿನ ಕೆಳಗಿನಿಂದ ಮಡಿಸಿದ ಒಂದು ಹಾಳೆ ತೆಗೆದ. ಅಂದಿನ ದಾಖಲೆಯ ಆ ಕೊನೆಯ ಪುಟ, ಡಾಕ್ಟರ ಉತ್ತರದಿಂದ ಹಿಡಿದು ಅವನು ‘ಹೇಳ್ತೀನಿ’ ಎಂದದ್ದರವರೆಗೆ, ನಾನೇ ಬೆರಳಚ್ಚು ಮಾಡಿ ಕೊಟ್ಟದ್ದು. “ಶನಿವಾರ ನೀನು ಹೋಗ್ತೀಯಾ?” ಎಂದ. “ಬಾಯಿ ಮುಚ್ಕೊಂಡು ಮಲ್ಕೋ, ಶನಿವಾರಕ್ಕೆ ನೀನೇ ಎದ್ದಿರ್ತೀಯ,” ಎಂದು ಗದರಿದೆ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾಳೆ ತೆಗೆದುಕೊಂಡೆ. ಮಂಗಳವಾರ ಹೋಗಿಬಿಟ್ಟ.

ಗುರುವಾರ ಮಣ್ಣು ಮಾಡಿದೆವು. ಚರ್ಚಿನಲ್ಲಿ ಕೋಲು ಊರುವವರು, ಗಾಲಿಕುರ್ಚಿಯವರು, ತೋಳು ಖಾಲಿ ಇದ್ದವರು, ಎಲ್ಲರೂ ತುಂಬಿದ್ದರು. ಶನಿವಾರ ನಾನು ಆ ಹಾಳೆ ಹಿಡಿದು ಪಿರೆಕ್‌ರ ಮನೆಗೆ ಹೋದೆ. ಸ್ತೆಫಾನಿಯಾ ತುಂಬ ಮುದುಕಿಯಾಗಿದ್ದಳು. ಹದಿನೇಳು ವರ್ಷದ ಎವಾ ತಾನೇ ಬಸ್ಸಿನಲ್ಲಿ ಬಂದಿದ್ದಳು, ಒಲೆಯ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದಳು. ದನುತಾ ನನ್ನನ್ನು ನೋಡಿ ನಕ್ಕು, ಟೋಪಿ ಚೆನ್ನಾಗಿದೆ ಎಂದಳು. ನಾಲ್ಕು ಮಾತಾಡುವಷ್ಟರಲ್ಲಿ ಕೇಳಿದಳು. “ಎವಾ ಇನ್ನು ಮನೇಲೇ ಇರ್ತಾಳಾ? ಇಷ್ಟು ದಿನ ಯಾಕೆ ಇರ್ಲಿಲ್ಲ ಇವಳು?”

ನಾನು ಕನ್ನಡಕ ಹಾಕಿಕೊಂಡು ಹಾಳೆ ಬಿಚ್ಚಿದೆ. ಏರಿಳಿತವಿಲ್ಲದೆ ಓದುವುದು ಮೂವತ್ತು ವರ್ಷದ ಅಭ್ಯಾಸ, ಆದರೂ ಅಕ್ಷರವೇ ಕಾಣಲಿಲ್ಲ.

“ನೀವು ಬಿಡಿ ಗೇನ್ಯಾ ಅತ್ತೆ,” ಎಂದಳು ಎವಾ. ಚಾಕು ಇಟ್ಟು, ಕೈ ಒರೆಸಿಕೊಂಡು ಬಂದು ತಾಯಿಯ ಎದುರಿಗೆ ಕುರ್ಚಿ ಎಳೆದುಕೊಂಡಳು. “ನಾನು ಹೇಳ್ತೀನಿ ಅಮ್ಮ. ನಾನು ನಾಲ್ಕು ವರ್ಷದವಳಿದ್ದಾಗ, ನವೆಂಬರಲ್ಲಿ, ನೀನು ನನ್ನ ಮಾರ್ಕೆಟ್ಟಿಗೆ ಕರ್ಕೊಂಡು ಹೋಗಿದ್ದೆ. ನಿಂಗೆ ತಲೆಗೆ ಪೆಟ್ಟಾಗಿತ್ತು, ಮರೆತುಹೋಯ್ತು. ನನ್ನ ಅಲ್ಲೇ ಬಿಟ್ಟು ಬಂದೆ. ನಾನು ಹೋಗಿ ಚರ್ಚ್ ಮೆಟ್ಲ ಮೇಲೆ ಕೂತಿದ್ದೆ. ಅದಕ್ಕೇ ನಾನು ಅಪ್ಪನ ಅಕ್ಕನ ಮನೇಲಿ ಬೆಳೆದೆ. ಮುಂದೂ ಇಲ್ಲೇ ಇರಕ್ಕಾಗಲ್ಲ. ಆದ್ರೆ ಶನಿವಾರ ಬರ್ತೀನಿ. ಎಲ್ಲಾ ಶನಿವಾರಾನೂ ಬಂದಿದೀನಿ.”

ಈಗ ಅಳುತ್ತಾಳೆ ಎಂದು ನಾನೂ ಸ್ತೆಫಾನಿಯಾಳೂ ಕಾದೆವು. ದನುತಾ ಅಳಲಿಲ್ಲ. ಎವಾಳ ಮುಖವನ್ನೇ ನೋಡುತ್ತ ಯಾವುದೋ ಬೇರೆ ಚಿಂತೆಯಲ್ಲಿದ್ದಳು. ಅವಳು ಈಗ ಕೇಳಿದ ಪ್ರಶ್ನೆ, ಫ್ಲೋರಿಯನ್ ಹೇಳುವಾಗ ಅವಳಿಗೆ ತೋಚಿರಲಿಲ್ಲ. ಅವನಿಗೂ ಉತ್ತರ ಗೊತ್ತಿರುತ್ತಿರಲಿಲ್ಲ.

“ನವೆಂಬರ್ ಅಲ್ವಾ? ಚಳಿ ಇರುತ್ತೆ,” ಎಂದಳು. “ನಿಂಗೆ ಟೋಪಿ ಹಾಕಿದ್ನಾ ನಾನು?”

“ಹಾಕಿದ್ದೆ ಅಮ್ಮ. ಕಿವಿ ಮುಚ್ಚೋ ಟೋಪಿ.”

“ಕೋಟು?”

“ಕತ್ತಿನ ತನಕ ಗುಂಡಿ ಹಾಕಿದ್ದೆ. ಕೈಗವಸು ಎರಡೂ ಇತ್ತು. ನಂಗೆ ಒಂಚೂರೂ ಚಳಿ ಆಗ್ಲಿಲ್ಲ.”

ದನುತಾ ಕೈ ಚಾಚಿ ಮಗಳ ಕಿವಿಯ ಮೇಲಿನ ಕೂದಲು ಸರಿಮಾಡಿದಳು.

“ಸದ್ಯ,” ಎಂದಳು.